ಬೇವಿನ ಕೊಂಬೆಯ ಹಳದಿ ಬಟ್ಟೆ

ವಿವರಿಸಿ ವಿವರಿಸಿ ನನಗೆ ಸಾಕಾಗಿತ್ತು. ಮದುವೆ ಮನೆಯಲ್ಲಿ ವಾಲಗ ಶುರುವಾದ ಕೂಡಲೇ ಮಗಳು ಯಾಕೆ ಕಿವಿ ಮುಚ್ಚಿಕೊಂಡು ಊಟದ ಹಾಲಿಗೆ ಓಡುತ್ತಾಳೆ, ಯಾರಾದರೂ ಹೆಸರು ಕೇಳಿದರೆ ಯಾಕೆ ಮುಖ ಬಿಟ್ಟು ಅವರ ಚಪ್ಪಲಿ ನೋಡುತ್ತಾಳೆ, ಬಸ್ಸಿನಲ್ಲಿ ಯಾಕೆ ಸುಮ್ಮನೆ ಬೆರಳು ಆಡಿಸುತ್ತಾ ಕೂರುತ್ತಾಳೆ, ಎಲ್ಲದಕ್ಕೂ ಕೇಳಿದವರಿಗೆಲ್ಲ ಉತ್ತರ ಹೇಳಿದ್ದೇನೆ. ಆಟಿಸಂ ಅಂದರೆ ಕೆಲವರು ಅಯ್ಯೋ ಪಾಪ ಅಂದರು, ಕೆಲವರು ದೃಷ್ಟಿ ತೆಗೆಸಿ ಅಂದರು, ಒಬ್ಬರು ರಾತ್ರಿ ಬಾದಾಮಿ ನೆನೆಸಿ ಬೆಳಗ್ಗೆ ಕೊಡಿ ಅಂದರು. ಅವಳಿಗೆ ಬಾದಾಮಿ ನಾಲಿಗೆಗೆ ತಾಕಿದರೇ ಆಗದು. ತಂದಿದ್ದನ್ನು ನಾನೇ ತಿಂದೆ. ಬರಬರುತ್ತಾ ಯಾರು ಏನೇ ಕೇಳಲಿ, "ಅವಳು ಹಂಗೇ" ಅಂತ ಎರಡೇ ಮಾತು ಹೇಳಿ ಮುಂದೆ ಹೋಗುವುದನ್ನು ಕಲಿತೆ. ಈ ಅಭ್ಯಾಸದಿಂದಲೇ ನಮ್ಮ ಬೀದಿಯಲ್ಲಿ ಒಂದು ದೊಡ್ಡ ಯಡವಟ್ಟಾಯಿತು.

ಎಂಟನೇ ಕ್ಲಾಸಿನ ತನಕ ಅವಳೂ ಎಲ್ಲರ ಹಾಗೆ ಸ್ಕೂಲಿಗೆ ಹೋದಳು. ಸ್ಕೂಲಿನವರು ಕೆಟ್ಟವರಲ್ಲ. ಹೆಡ್ ಮಿಸ್ಸು ಅವಳಿಗೆ ಕಿಟಕಿ ಪಕ್ಕದ ಜಾಗವನ್ನೇ ಕೊಡಿಸಿದ್ದರು. ಆದರೆ ಕ್ಲಾಸಿನ ತುಂಬ ಮಕ್ಕಳು, ಬಾಗಿಲ ಹೊರಗೇ ಬೆಲ್ಲು, ಮೈದಾನದಲ್ಲಿ ಬ್ಯಾಂಡಿನ ಪ್ರಾಕ್ಟೀಸು. ಸಾಯಂಕಾಲ ಮನೆಗೆ ಬಂದಾಗ ಯೂನಿಫಾರ್ಮಿನ ತೋಳು ಕಚ್ಚಿ ಕಚ್ಚಿ ಒದ್ದೆಯಾಗಿರುತ್ತಿತ್ತು. ಬಂದವಳೇ ಮಂಚದ ಕೆಳಗೆ ಹೋಗಿ ಮಲಗಿಬಿಟ್ಟರೆ ಊಟಕ್ಕೂ ಏಳುತ್ತಿರಲಿಲ್ಲ. ಕೊನೆಕೊನೆಗೆ ಬೆಳಗ್ಗೆ ಜಡೆ ಹಾಕಿಸಿಕೊಂಡು, ಶೂ ಹಾಕಿಕೊಂಡು, ಬ್ಯಾಗು ಬೆನ್ನಿಗೇರಿಸಿ ಹೊಸ್ತಿಲ ಹತ್ತಿರ ಬಂದು ನಿಂತುಬಿಡುತ್ತಿದ್ದಳು. ಅಳು ಇಲ್ಲ, ಗಲಾಟೆ ಇಲ್ಲ. ಕಾಲು ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಸ್ಕೂಲ್ ಬಸ್ಸಿನ ಡ್ರೈವರ್ ಎರಡು ಸಲ ಹಾರ್ನ್ ಹೊಡೆದು ಹೊರಟುಹೋಗುತ್ತಿದ್ದರು, ನಾನು ಅವಳ ಶೂ ಬಿಚ್ಚುತ್ತಿದ್ದೆ.

ಆನ್‌ಲೈನ್ ಸ್ಕೂಲಿನ ವಿಷಯ ನನಗೆ ಹೇಳಿದ್ದು ಡಾಕ್ಟರ ಹತ್ತಿರ ಕಾಯುವಾಗ ಪಕ್ಕ ಕೂತಿದ್ದ ಇನ್ನೊಬ್ಬ ತಾಯಿ. ಇಂಥ ಮಕ್ಕಳಿಗೇ ಅಂತ ಮಾಡಿರುವುದು, ಒಂದು ಕ್ಲಾಸಿಗೆ ಬೆರಳೆಣಿಕೆಯ ಮಕ್ಕಳು, ಎಲ್ಲರೂ ಅವರವರ ಮನೆಯಲ್ಲೇ. ಮುಖ ತೋರಿಸಲೇಬೇಕೆಂದಿಲ್ಲ, ಮಾತಾಡಲೇಬೇಕೆಂದಿಲ್ಲ. ಉತ್ತರವನ್ನು ಚಾಟ್‌ನಲ್ಲಿ ಟೈಪ್ ಮಾಡಿದರೂ ಆಯಿತು. ಹತ್ತನೇ ಕ್ಲಾಸಿನ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸುತ್ತಾರೆ. ಮಗಳಿಗೆ ಒಂದು ಕ್ಲಾಸು ತೋರಿಸಿದೆ. ಕನ್ನಡದ ಟೀಚರು ಮೈಸೂರಿನಲ್ಲಿ ತಮ್ಮ ಮನೆಯ ಹಾಲಿನಲ್ಲಿ ಕೂತು ಪಾಠ ಮಾಡುತ್ತಿದ್ದರು, ಅವರ ಹಿಂದೆ ಒಂದು ಬೆಕ್ಕು ನಿದ್ದೆ ಹೊಡೆಯುತ್ತಿತ್ತು. ಮಗಳು ಪೂರ್ತಿ ಕ್ಲಾಸು ಕದಲದೆ ಕೂತಿದ್ದಳು. ಮುಗಿದ ಮೇಲೆ, "ನಾಳೆನೂ ಇದೆಯಾ?" ಅಂತ ಕೇಳಿದಳು. ಸ್ಕೂಲಿನ ವಿಷಯಕ್ಕೆ ಅವಳು ನಾಳೆ ಎಂಬ ಮಾತನ್ನು ಹಾಗೆ ಆಡಿದ್ದನ್ನು ನಾನು ಮೊದಲು ಕೇಳಿದ್ದು ಅವತ್ತೇ.

ನಮ್ಮ ಮನೆಯವರು ಸುತರಾಂ ಒಪ್ಪಲಿಲ್ಲ. ಅವರು ಕಾಮಾಕ್ಷಿಪಾಳ್ಯದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಾರೆ. ದಿನವಿಡೀ ಕಬ್ಬಿಣ ಕೊರೆಯುವ ಸದ್ದಿನ ನಡುವೆ ಇದ್ದೂ ಇದ್ದೂ ಅವರಿಗೆ ಮೆತ್ತಗೆ ಮಾತಾಡುವುದೇ ಮರೆತುಹೋಗಿದೆ. ಉಪ್ಪು ಕೇಳಿದರೂ ಪಕ್ಕದ ಮನೆಯವರು ಉಪ್ಪು ತರಬೇಕು, ಅಷ್ಟು ಜೋರು. ಮಗಳ ಮೇಲೆ ಅವರಿಗೆ ಜೀವ. ಅದಕ್ಕೇ ಅವರಿಗೆ ಭಯ. ನಾಳೆ ಬ್ಯಾಂಕಿಗೆ ಹೋಗಬೇಕು, ಬಸ್ಸು ಹತ್ತಬೇಕು, ಯಾರ ಹತ್ತಿರವಾದರೂ ಕೆಲಸ ಕೇಳಬೇಕು, ಅಲ್ಲೆಲ್ಲ ಚಾಟ್‌ನಲ್ಲಿ ಬರೆದುಕೊಡ್ತಾಳಾ ಅನ್ನುವುದು ಅವರ ಪ್ರಶ್ನೆ. ನಾನೂ ಬಿಡಲಿಲ್ಲ. ಮಂಚದ ಕೆಳಗೆ ಮಲಗಿದವಳು ಯಾವ ಬ್ಯಾಂಕಿಗೆ ಹೋಗುತ್ತಾಳೆ ಅಂತ ಕೇಳಿದೆ. ಮೂರು ದಿನ ಮನೆಯಲ್ಲಿ ಪಾತ್ರೆಗಳದ್ದೇ ಮಾತು. ಕೊನೆಗೆ ಅವರು ಒಂದು ಷರತ್ತು ಹಾಕಿದರು.

"ಮನೇಲೇ ಕೂರಿಸಿದ್ರೆ ಇರೋ ನಾಕು ಮಾತೂ ಮರೆತುಬಿಡ್ತಾಳೆ ಕಣೇ. ಒಂದು ವರ್ಷ ನೋಡೋಣ. ಅಷ್ಟರಲ್ಲಿ ಒಂದ್ಸಲನಾದ್ರೂ ಆ ಕ್ಲಾಸಲ್ಲಿ ಅವಳು ಬಾಯಿಬಿಟ್ಟು ಮಾತಾಡ್ಬೇಕು. ಇಲ್ಲಾಂದ್ರೆ ಜೂನ್‌ಗೆ ವಾಪಸ್ ಸ್ಕೂಲಿಗೆ."

ಮಗಳು ಅಲ್ಲೇ ಇದ್ದಳು. ಅವಳು ಕೇಳಿಸಿಕೊಂಡಳೆಂದು ನನಗೆ ಗೊತ್ತು, ಯಾಕೆಂದರೆ ಆ ರಾತ್ರಿ ಅವಳು ಯೂನಿಫಾರ್ಮನ್ನು ಮಡಿಸಿ ಬೀರುವಿನ ತೀರಾ ಒಳಗೆ, ಚಳಿಗಾಲದ ರಗ್ಗಿನ ಹಿಂದೆ ತುರುಕಿದ್ದಳು. ನಾನು ಅದನ್ನು ಅಲ್ಲಿಂದ ತೆಗೆಯಲಿಲ್ಲ. ಅವರು ಮಾತಿಗೆ ತಪ್ಪುವವರಲ್ಲ, ಹಳೇ ಸ್ಕೂಲಿನವರೂ ಸೀಟು ಇದೆ ಅಂದಿದ್ದರು. ಹಾಗಾಗಿ ಆ ವರ್ಷವಿಡೀ ನನ್ನ ತಲೆಯಲ್ಲಿ ಜೂನ್ ತಿಂಗಳು ಕೂತಿತ್ತು.

ನಾನು ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತೇನೆ, ಫಾಲ್ಸ್ ಹಾಕುತ್ತೇನೆ. ವಿಜಯನಗರದ ಎರಡು ಅಂಗಡಿಗಳಿಂದ ಸೀರೆಗಳು ಬರುತ್ತವೆ. ಸೆರಗಿನ ದಾರ ಬಿಡಿಸಿ, ಎಳೆ ಎಳೆಯಾಗಿ ಕೂಡಿಸಿ ಗಂಟು ಹಾಕುವ ಕೆಲಸ, ಕೈಗೆ ಕೆಲಸವಿದ್ದರೂ ಕಿವಿ ಖಾಲಿ. ಮಗಳು ಕಿಟಕಿ ಹತ್ತಿರದ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡರೆ ನಾನು ಅವಳ ಬೆನ್ನ ಹಿಂದೆ ಚಾಪೆ ಹಾಸಿ ಕೂರುತ್ತಿದ್ದೆ. ಹೀಗೆ ನಾನೂ ಒಂಬತ್ತನೇ ಕ್ಲಾಸು ಎರಡನೇ ಸಲ ಓದಿದೆ. ಮೊದಲನೇ ಸಲಕ್ಕಿಂತ ಈ ಸಲ ಚೆನ್ನಾಗಿ ಅರ್ಥವಾಯಿತು.

ಆದರೆ ಸ್ಕೂಲನ್ನು ಮನೆಗೆ ತಂದ ಮೇಲೆ ಗೊತ್ತಾಯಿತು, ಮನೆಯೇನೂ ದೇವಸ್ಥಾನದ ಗರ್ಭಗುಡಿಯಲ್ಲ. ಗೋವಿಂದರಾಜನಗರದಲ್ಲಿ ನಮ್ಮದು ಮೊದಲನೇ ಮಹಡಿಯ ಬಾಡಿಗೆ ಮನೆ, ಕಿಟಕಿ ಬೀದಿಗೇ ತೆರೆಯುತ್ತದೆ. ಹತ್ತು ಗಂಟೆಗೆ ಕ್ಲಾಸು ಶುರುವಾಗುವುದಕ್ಕೂ ಬೀದಿಗೆ ಜೀವ ಬರುವುದಕ್ಕೂ ಸರಿಹೋಗುತ್ತಿತ್ತು. ಮೊದಲು ಸೊಪ್ಪಿನಜ್ಜಿ, ತಲೆಯ ಮೇಲೆ ಬುಟ್ಟಿ, ಗಂಟಲಿನಲ್ಲಿ ಮೈಕು. ಆಮೇಲೆ ಹಳೇ ಪೇಪರ್, ಹಳೇ ಕಬ್ಬಿಣ ಅಂತ ರೆಕಾರ್ಡು ಹಾಕಿಕೊಂಡು ಬರುವ ಗಾಡಿ. ಆಮೇಲೆ ಕೆಳಗಿನ ಮನೆಯ ಮಿಕ್ಸಿ, ಎದುರು ಮನೆಯ ಹುಡುಗರ ಕ್ರಿಕೆಟ್ಟು. ಒಂದೊಂದು ಸದ್ದಿಗೂ ಅವಳ ಭುಜ ಕಿವಿಯ ತನಕ ಏರುತ್ತಿತ್ತು. ಹೆಡ್‌ಫೋನ್ ಹಾಕಿದರೆ ಅದರ ಒತ್ತಡ ಆಗದು, ತೆಗೆದರೆ ಬೀದಿ ಆಗದು. ಎರಡನೇ ವಾರಕ್ಕೇ ಅವಳು ತೋಳು ಕಚ್ಚುವುದು ಶುರುವಾಯಿತು.

ಯಾವುದೋ ಸೀರೆಯ ಫಾಲ್ಸಿನಲ್ಲಿ ಉಳಿದ ಹಳದಿ ಬಟ್ಟೆಯ ತುಂಡೊಂದು ನನ್ನ ಹತ್ತಿರ ಇತ್ತು. ನಮ್ಮ ಗೇಟಿನ ಪಕ್ಕ ಒಂದು ಬೇವಿನ ಮರ, ಅದರ ಕೊಂಬೆಯೊಂದು ಗೇಟಿನ ಮೇಲೆ ಕೈಗೆಟುಕುವಷ್ಟು ಬಾಗಿದೆ. ದೂರದಿಂದ ಎಲ್ಲರಿಗೂ ಕಾಣಲಿ ಅಂತ ಬಟ್ಟೆಯನ್ನು ಆ ಕೊಂಬೆಗೆ ಕಟ್ಟಿದೆ. ಸೊಪ್ಪಿನಜ್ಜಿ ಬಂದಾಗ ನಿಲ್ಲಿಸಿ ಹೇಳಿದೆ. "ಅಜ್ಜಿ, ಮಗಳು ಸ್ಕೂಲಿಗೆ ಹೋಗ್ತಿಲ್ಲ, ಒಳಗಿದ್ದಾಳೆ. ಸದ್ದಾದ್ರೆ ಅವಳಿಗೆ ತಡಿಯಕ್ಕಾಗಲ್ಲ. ಈ ಬಟ್ಟೆ ಕಂಡ್ರೆ ನಮ್ಮನೆ ಹತ್ರ ಕೂಗ್ಬೇಡಿ." ಅಜ್ಜಿ ಬಟ್ಟೆ ನೋಡಿದರು, ಬೇವಿನ ಎಲೆ ನೋಡಿದರು, ನಮ್ಮ ಕಿಟಕಿಯ ಕಡೆ ನೋಡಿದರು. ಆಮೇಲೆ ಎರಡೂ ಕೆನ್ನೆ ಮುಟ್ಟಿಕೊಂಡು, "ಆಯ್ತು ಕಣವ್ವ, ಇನ್ನು ಉಸಿರೆತ್ತಲ್ಲ" ಅಂದರು. ಎಷ್ಟು ಒಳ್ಳೆಯ ಹೆಂಗಸು ಅಂದುಕೊಂಡು ನಾನು ಮೇಲೆ ಬಂದೆ. ಕೆನ್ನೆ ಯಾಕೆ ಮುಟ್ಟಿಕೊಂಡರು ಎಂದು ಯೋಚಿಸಲೂ ಇಲ್ಲ.

ಮಾರನೆಯ ದಿನ ಬೀದಿ ಸುಮ್ಮನಾಯಿತು. ಸೊಪ್ಪಿನಜ್ಜಿ ಮಾತ್ರವಲ್ಲ, ಪೇಪರ್ ಗಾಡಿಯವನು ತಿರುವಿನಲ್ಲೇ ರೆಕಾರ್ಡು ನಿಲ್ಲಿಸಿ ನಮ್ಮ ಮನೆ ದಾಟುವ ತನಕ ಗಾಡಿ ತಳ್ಳಿಕೊಂಡು ಹೋದ. ಕ್ರಿಕೆಟ್ಟು ಪಕ್ಕದ ಕ್ರಾಸಿಗೆ ಹೋಯಿತು. ಎದುರು ಮನೆಯವರು ಎದುರಾದರೆ ದೂರ ನಿಂತು, ಕಣ್ಣಲ್ಲೇ ಹೇಗಿದ್ದಾಳೆ ಅಂತ ಕೇಳುತ್ತಿದ್ದರು. ನಾನೂ ಕಣ್ಣಲ್ಲೇ ಚೆನ್ನಾಗಿದ್ದಾಳೆ ಅನ್ನುತ್ತಿದ್ದೆ. ಒಂದು ಬೆಳಗ್ಗೆ ಮೆಟ್ಟಿಲ ಮೇಲೆ ಎರಡು ಎಳನೀರು ಇದ್ದವು, ಯಾರು ಇಟ್ಟರೋ. ಇನ್ನೊಂದು ದಿನ ಪಾತ್ರೆಯಲ್ಲಿ ಮೊಸರನ್ನ, ಒಗ್ಗರಣೆ ಇಲ್ಲದ್ದು. ಒಗ್ಗರಣೆ ಇಲ್ಲದ ಮೊಸರನ್ನ ನೋಡಿದ ಮೇಲೆ ನನ್ನ ಮಂದಬುದ್ಧಿಗೆ ಬೆಳಕು ಹೊಳೆಯಿತು. ಮನೆಬಾಗಿಲಿಗೆ ಬೇವಿನ ಸೊಪ್ಪು, ಅರಿಶಿನದ ಬಣ್ಣದ ಬಟ್ಟೆ, ಮಗು ಸ್ಕೂಲಿಗೆ ಹೋಗುತ್ತಿಲ್ಲ, ಗದ್ದಲ ಆಗದು. ಬೀದಿಯವರೆಲ್ಲ ನಮ್ಮ ಮನೆಯಲ್ಲಿ ಅಮ್ಮ ಆಗಿದೆ ಅಂದುಕೊಂಡಿದ್ದರು.

ಮೈಮೇಲೆ ಗುಳ್ಳೆ ಏಳುವ ಆ ಕಾಯಿಲೆಗೆ ನಮ್ಮ ಕಡೆ ಕಾಯಿಲೆ ಅನ್ನುವುದಿಲ್ಲ, ತಾಯಿ ಬಂದಿದ್ದಾಳೆ ಅನ್ನುತ್ತಾರೆ. ಬಾಗಿಲಿಗೆ ಬೇವು ಸಿಕ್ಕಿಸುತ್ತಾರೆ. ಆ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಜಗಳ ಆಡುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ತಂಪಾದದ್ದನ್ನು ಕೊಟ್ಟು, ದನಿ ತಗ್ಗಿಸಿ, ಅವಳಾಗಿ ಹೊರಡುವ ತನಕ ಮರ್ಯಾದೆಯಿಂದ ನಡೆದುಕೊಳ್ಳಬೇಕು. ಆ ಮರ್ಯಾದೆಯೆಲ್ಲ ಈಗ ನನ್ನ ಮಗಳ ಒಂಬತ್ತನೇ ಕ್ಲಾಸಿಗೆ ಸಿಗುತ್ತಿತ್ತು.

ಆ ಕೂಡಲೇ ಹೋಗಿ ಎಲ್ಲರಿಗೂ ನಿಜ ಹೇಳಬೇಕಿತ್ತೇನೋ. ನಾನು ಹೇಳಲಿಲ್ಲ, ಅದಕ್ಕೆ ನನಗೆ ಒಂದಿಷ್ಟೂ ಬೇಸರವಿಲ್ಲ. ಅವಳ ಭುಜ ಇಳಿದಿತ್ತು. ತೋಳು ಒಣಗಿತ್ತು. ಚಾಟ್‌ನಲ್ಲಿ ಬೇರೆ ಮಕ್ಕಳ ಜೊತೆ ಬೆಕ್ಕಿನ ಚಿತ್ರ ಹಂಚಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದಳು. ರಾತ್ರಿ ನಮ್ಮ ಮನೆಯವರಿಗೆ ವಿಷಯ ಹೇಳಿದೆ. ಅವರು ನಕ್ಕ ಸದ್ದಿಗೆ ಬೀದಿಯವರು ಅಮ್ಮ ಕೋಪಗೊಂಡಳು ಅಂದುಕೊಂಡಿರಬೇಕು. "ನಿನ್ನ ಬಾವುಟ ಕೆಲಸ ಮಾಡ್ತು ಬಿಡು. ಆದ್ರೆ ಅವಳು ಮಾತಾಡಿದ್ಲಾ?" ಅಂತ ಕೇಳಿದರು. ಆಡಿರಲಿಲ್ಲ. ನಾನು ಎಳನೀರು ಕೊಚ್ಚಿ ಅವರಿಗೂ ಒಂದು ಲೋಟ ಕೊಟ್ಟೆ.

ಗುಟ್ಟು ಒಡೆದದ್ದು ಕೆಳಗಿನ ಮನೆಯ ಓನರ್ ಆಂಟಿಯಿಂದ. ನಾನು ಬಟ್ಟೆ ಕಟ್ಟುವ ಹೊತ್ತಿಗೇ ಅವರು ಮಗಳ ಬಾಣಂತನಕ್ಕೆ ಅಂತ ಕೆಂಗೇರಿಗೆ ಹೋಗಿದ್ದರು. ಬಂದ ದಿನವೇ ಯಾರೋ ಸುದ್ದಿ ಮುಟ್ಟಿಸಿದ್ದಾರೆ. ಕೈಯಲ್ಲಿ ಅರಿಶಿನ, ಬೇವಿನ ಸೊಪ್ಪು ಹಿಡಿದುಕೊಂಡು, ಹಾದಿಯಲ್ಲೇ ಮಾರಮ್ಮನಿಗೆ ತಂಬಿಟ್ಟಿನ ಹರಕೆ ಹೊತ್ತುಕೊಂಡು ಮೇಲೆ ಬಂದರು. ಮಗಳು ಚಕ್ಕುಲಿ ಕಡಿಯುತ್ತಾ ಲೆಕ್ಕ ಮಾಡುತ್ತಿದ್ದಳು. ಆಂಟಿ ಅವಳ ಮುಖವನ್ನು ಈ ಕಡೆಯಿಂದ ನೋಡಿದರು, ಆ ಕಡೆಯಿಂದ ನೋಡಿದರು. ಒಂದು ಮೊಡವೆ ಬಿಟ್ಟರೆ ಏನೂ ಇರಲಿಲ್ಲ.

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ, ವಿವರಿಸಲೇಬೇಕಾಯಿತು. ಕಾಫಿ ಮಾಡಿ ಕೊಟ್ಟು, ಸ್ಕೂಲಿನಿಂದ ಹಿಡಿದು ಹಳದಿ ಬಟ್ಟೆಯವರೆಗೆ ಹೇಳಿದೆ. ಆಂಟಿಗೆ ಸಿಟ್ಟು ಬಂತು, ಆದರೆ ನಾನು ಎಣಿಸಿದ ಕಾರಣಕ್ಕಲ್ಲ. ಇಷ್ಟು ವರ್ಷ ತಲೆ ಮೇಲೇ ಇದ್ದೀರಲ್ಲ, ಒಂದು ಮಾತು ಹೇಳಬಾರದಿತ್ತಾ, ನನ್ನ ಮಿಕ್ಸಿ ಏನು ಹತ್ತು ಗಂಟೆಗೇ ತಿರುಗಬೇಕು ಅಂತ ಶಾಸ್ತ್ರ ಇದೆಯಾ ಅಂದರು. ಬಾದಾಮಿಯ ಮಾತು ಬರಬಹುದೆಂದು ಕಾದಿದ್ದೆ, ಬರಲಿಲ್ಲ. ಆ ಶುಕ್ರವಾರ ಆಂಟಿ ಹರಕೆಯ ತಂಬಿಟ್ಟು ಮಾಡಿಯೇ ಮಾಡಿದರು. ಕಾಯಿಲೆ ಇಲ್ಲದಿದ್ದರೆ ಇನ್ನೂ ಒಳ್ಳೆಯದು, ತಾಯಿಗೆ ಹೇಳಿದ ಮೇಲೆ ಕೊಡಬೇಕಷ್ಟೇ ಅಂದರು. ನಾನೂ ಅವರೂ ಗುಡಿಗೆ ಹೋಗಿ ಕೊಟ್ಟು ಬಂದೆವು.

ಬೀದಿಗೆ ನಿಜ ಗೊತ್ತಾದ ಮೇಲೆ ಒಂದಿಷ್ಟು ಬಿಗಿ ಸಡಿಲವಾದದ್ದು ಸುಳ್ಳಲ್ಲ. ಅಮ್ಮನಿಗೆ ಸಿಕ್ಕಿದ ಮರ್ಯಾದೆ ಆಟಿಸಂಗೆ ಸಿಗುವುದಿಲ್ಲ. ಎಳನೀರು ನಿಂತಿತು. ಕ್ರಿಕೆಟ್ಟು ಭಾನುವಾರ ವಾಪಸ್ ಬಂತು. ಆ ಕಡೆಯ ಮನೆಯ ಒಬ್ಬರು, ಮನೆಯಲ್ಲಿ ಕೂತು ಕಂಪ್ಯೂಟರ್ ನೋಡುವುದನ್ನೂ ಸ್ಕೂಲು ಅನ್ನುತ್ತಾರಾ ಅಂತ ನನಗೆ ಕೇಳಿಸುವ ಹಾಗೇ ಅಂದರು. ನಾನೂ ಅವರಿಗೆ ಕೇಳಿಸುವ ಹಾಗೇ ಗೇಟು ಹಾಕಿದೆ. ಆದರೆ ಆಂಟಿ ಮಿಕ್ಸಿಯನ್ನು ಬೆಳಗ್ಗೆ ಬೇಗ ತಿರುಗಿಸಿಬಿಡುತ್ತಿದ್ದರು, ಪೇಪರ್ ಗಾಡಿಯವನು ತಿರುವಿನಲ್ಲಿ ರೆಕಾರ್ಡು ನಿಲ್ಲಿಸುವುದನ್ನು ಬಿಡಲಿಲ್ಲ, ಸೊಪ್ಪಿನಜ್ಜಿಯಂತೂ ಬಟ್ಟೆ ಕಂಡರೆ ಹೆಜ್ಜೆಯನ್ನೂ ಮೆತ್ತಗೆ ಇಡುತ್ತಿದ್ದರು. ಅವರಿಗೆ ನಾನು ನಿಜ ಹೇಳಿದಾಗ, "ಯಾವ್ದಾದ್ರೇನವ್ವ, ಮಗೀಗೆ ತಂಪಾಗಿರ್ಬೇಕು ತಾನೇ" ಅಂದಿದ್ದರು.

ದಸರಾ ಕಳೆಯಿತು, ದೀಪಾವಳಿ ಕಳೆಯಿತು. ಪಟಾಕಿಯ ಮೂರು ದಿನ ಮಲ್ಲತ್ತಹಳ್ಳಿಯ ಕೆರೆ ಹತ್ತಿರ ಇರುವ ನನ್ನ ತಂಗಿಯ ಮನೆಯಲ್ಲಿ ಇದ್ದು ಬಂದೆವು, ಅಲ್ಲಿಂದಲೂ ಕ್ಲಾಸಿಗೆ ಕೂತಳು. ಸ್ಕೂಲನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗಬಹುದಲ್ಲ ಎಂದು ನನಗೆ ಖುಷಿಯೋ ಖುಷಿ. ಅವಳು ಚೆನ್ನಾಗಿ ಓದುತ್ತಿದ್ದಳು, ಚೆನ್ನಾಗಿ ಉಣ್ಣುತ್ತಿದ್ದಳು. ಸಾಯಂಕಾಲ ನನ್ನ ಜೊತೆ ಅಂಗಡಿಗೆ ಸೀರೆ ಕೊಡಲು ವಿಜಯನಗರದ ತನಕ ನಡೆದು ಬರುತ್ತಿದ್ದಳು, ಹಿಂದಿನ ವರ್ಷ ಹೊಸ್ತಿಲು ದಾಟದ ಕಾಲು ಅದೇ. ಮೈಕು ಮಾತ್ರ ಆರಿದ್ದು ಆರಿಯೇ ಇತ್ತು. ಅದರ ಚಿಹ್ನೆಯ ಮೇಲೆ ಒಂದು ಕೆಂಪು ಗೆರೆ ಇರುತ್ತದೆ. ಆ ಗೆರೆ ನೋಡಿದಾಗಲೆಲ್ಲ ನನಗೆ ಜೂನ್ ನೆನಪಾಗುತ್ತಿತ್ತು.

ಟೀಚರಿಗೆ ಫೋನ್ ಮಾಡಿ ಷರತ್ತಿನ ವಿಷಯ ಹೇಳಿದೆ. ಬರೆಯುವುದೂ ಮಾತಾಡಿದ ಹಾಗೇ, ಅವಳು ಕ್ಲಾಸಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವಳು ಅಂದರು ಅವರು. ನನಗೆ ಗೊತ್ತು ಮೇಡಂ, ಅದನ್ನು ಲೇತ್ ಮೆಷಿನ್ ಪಕ್ಕ ನಿಂತವರಿಗೆ ಯಾರು ಹೇಳುತ್ತಾರೆ ಅಂದೆ. ಮಗಳಿಗೆ ನಾನು ಒತ್ತಾಯ ಮಾಡಲಿಲ್ಲ. ಅವಳನ್ನು ದಬ್ಬಿದರೆ ಕಾಲು ಇನ್ನೂ ಗಟ್ಟಿಯಾಗಿ ಊರುತ್ತದೆ, ಅದನ್ನು ಹೊಸ್ತಿಲ ಹತ್ತಿರ ಸಾಕಷ್ಟು ನೋಡಿದ್ದೆ. ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮ ಮನೆಯವರು ಹಳೇ ಸ್ಕೂಲಿನ ಅರ್ಜಿ ತಂದು ದೇವರ ಗೂಡಿನ ಪಕ್ಕ ಇಟ್ಟರು. ಮುಖ ಸಣ್ಣ ಮಾಡಿಕೊಂಡೇ ಇಟ್ಟರು, ಆದರೆ ಇಟ್ಟರು. ನನಗೆ ಅಳು ಬಂತು, ಸಾರಿಗೆ ಹುಳಿ ಜಾಸ್ತಿ ಹಾಕಿ ತೀರಿಸಿಕೊಂಡೆ.

ಆ ವಾರವೇ ಕನ್ನಡದ ಟೀಚರು ವರ್ಷದ ಕೊನೆಯ ಕೆಲಸ ಕೊಟ್ಟರು. 'ನಮ್ಮ ಬೀದಿ' ಅನ್ನುವ ವಿಷಯದ ಮೇಲೆ ಒಬ್ಬೊಬ್ಬರೂ ಬರೆಯಬಹುದು, ಚಿತ್ರ ಬಿಡಿಸಬಹುದು, ಇಲ್ಲವೇ ಹೇಳಬಹುದು. ಮಗಳು ಬರೆಯಲು ಕೂತಳು. ಬರೆದಳು, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಸಾಯಂಕಾಲ ನಾನು ಕುಚ್ಚಿನ ದಾರ ಸುತ್ತುವಾಗ ಬಂದು ಪಕ್ಕದಲ್ಲಿ ನಿಂತಳು.

"ಬರೆದ್ರೆ ಸದ್ದು ಬರಲ್ಲ ಅಮ್ಮ," ಅಂದಳು. "ಸೊಪ್ಪಿನಜ್ಜಿ ಕೂಗೋದು ಅವರಿಗೆ ಕೇಳಿಸ್ಬೇಕು. ನಾನು ಮೈಕ್ ಆನ್ ಮಾಡ್ತೀನಿ. ನಾಳೆ ಬಟ್ಟೆ ಹಾಕ್ಬೇಡ."

ನನ್ನ ಕೈಯಿಂದ ದಾರದ ಉಂಡೆ ಉರುಳಿಹೋಯಿತು. ಯಾವ ಸದ್ದನ್ನು ತಡೆಯಲು ಒಂದು ವರ್ಷ ಹೆಣಗಿದೆನೋ ಅದನ್ನೇ ಕರೆಯಬೇಕೆನ್ನುತ್ತಿದ್ದಾಳೆ. ಕಿವಿ ನೋಯುವುದಿಲ್ಲವಾ ಅಂತ ಕೇಳಿದೆ. ಬರುತ್ತೆ ಅಂತ ಗೊತ್ತಿದ್ದರೆ ಅಷ್ಟು ನೋಯುವುದಿಲ್ಲ, ಗೊತ್ತಿಲ್ಲದೆ ಬಂದರೆ ನೋಯುತ್ತೆ ಅಂದಳು. ಹದಿನಾಲ್ಕು ವರ್ಷ ಸಾಕಿದ ಮಗಳು, ಎಷ್ಟೋ ಡಾಕ್ಟರ ಮುಂದೆ ನಾನೇ ಅವಳ ಪರವಾಗಿ ಮಾತಾಡಿದ್ದೇನೆ, ಈ ಮಾತು ನನಗೆ ಹೊಳೆದಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರಿಗೆ ಹೇಳಿದೆ. ಅವರು ಹೂಂ ಅಂದರು. ಬೆಳಗ್ಗೆ ಎದ್ದು ನೋಡಿದರೆ, ವರ್ಕ್‌ಶಾಪಿನಲ್ಲಿ ಮೋಟಾರು ಕೆಟ್ಟಿದೆ, ಮಧ್ಯಾಹ್ನ ಹೋಗುತ್ತೇನೆ ಅಂದು ಪೇಪರ್ ಹಿಡಿದು ಕೂತರು. ಪೇಪರ್ ತಲೆಕೆಳಗಾಗೇನೂ ಇರಲಿಲ್ಲ, ಆದರೆ ಪುಟ ಮಗುಚಲೂ ಇಲ್ಲ.

ಹತ್ತು ಗಂಟೆಗೆ ಕ್ಲಾಸು ಶುರುವಾಯಿತು. ಕೊಂಬೆಗೆ ಬಟ್ಟೆ ಕಟ್ಟಿರಲಿಲ್ಲ, ಅದು ನನ್ನ ಚಾಪೆಯ ಮೇಲೇ ಇತ್ತು. ಮೊದಲು ಒಬ್ಬ ಹುಡುಗ ತನ್ನ ಬೀದಿಯ ಚಿತ್ರ ತೋರಿಸಿದ. ಆಮೇಲೆ ಟೀಚರು ನನ್ನ ಮಗಳನ್ನು ಕರೆದರು. ಅವಳ ಬೆರಳು ಮುಂದೆ ಹೋಯಿತು, ಕೆಂಪು ಗೆರೆ ಮಾಯವಾಯಿತು.

"ಇದು ನಮ್ಮ ಬೀದಿ," ಅಂದಳು. "ಈಗ ಸೊಪ್ಪಿನಜ್ಜಿ ಬರ್ತಾರೆ. ಕೇಳಿ."

ಎಲ್ಲರೂ ಕಾದರು. ಮೈಸೂರಿನ ಟೀಚರು ಕಾದರು, ಬೆಕ್ಕು ಕಾಯಿತು, ಪೇಪರಿನ ಹಿಂದೆ ಅವಳಪ್ಪ ಕಾದರು. ಬೀದಿಯಲ್ಲಿ ಒಂದು ಸದ್ದಿಲ್ಲ. ನಾನು ಕಿಟಕಿಯಿಂದ ಬಗ್ಗಿ ನೋಡಿದೆ. ಸೊಪ್ಪಿನಜ್ಜಿ ಬುಟ್ಟಿ ಹೊತ್ತುಕೊಂಡು, ತುಟಿ ಬಿಗಿದುಕೊಂಡು, ಕಳ್ಳ ಹೆಜ್ಜೆಯಲ್ಲಿ ನಮ್ಮ ಗೇಟು ದಾಟುತ್ತಿದ್ದರು. ಮಗಳು ತಿರುಗಿ ನನ್ನ ಮುಖ ನೋಡಿದಳು. ಅವಳು ಹಾಗೆ ನೇರ ಮುಖ ನೋಡುವುದು ಅಪರೂಪ. ಭುಜ ಮೆಲ್ಲಗೆ ಮೇಲೇರತೊಡಗಿತ್ತು, ಬೆರಳು ಮತ್ತೆ ಮೈಕಿನ ಕಡೆ ಹೊರಟಿತ್ತು. ಈಗ ಅದು ಆರಿದರೆ ಇನ್ನು ಹೊತ್ತುವುದಿಲ್ಲ ಅಂತ ನನಗನ್ನಿಸಿತು. ಎದ್ದವಳೇ ಚಪ್ಪಲಿ ಹುಡುಕದೆ ಮೆಟ್ಟಿಲಿಳಿದು ಓಡಿದೆ.

"ಅಜ್ಜಿ, ಕೂಗಿ," ಅಂದೆ.

ಅವರು ಬೆಪ್ಪಾಗಿ ನಿಂತರು. ಕೊಂಬೆಯ ಕಡೆ ಕೈ ತೋರಿಸಿ, "ಬಟ್ಟೆ ಇಲ್ದಿದ್ದು ನೋಡ್ದೆ ಕಣವ್ವ. ಕಟ್ಟೋದು ಮರೆತಿದ್ದೀಯ ಅಂತ ಸುಮ್ನೆ ಹೊಂಟಿದ್ದೆ" ಅಂದರು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಮರೆತಿಲ್ಲ ಅಜ್ಜಿ, ಮಗಳು ನಿಮ್ಮ ದನಿ ಕೇಳಬೇಕಂತೆ, ಮೊದಲಿನ ಹಾಗೆ ಕೂಗಿ, ದಮ್ಮಯ್ಯ ಅಂದೆ. ಅಜ್ಜಿ ಬುಟ್ಟಿ ಸರಿಮಾಡಿಕೊಂಡರು. ಗಂಟಲು ಒಂದು ಸಲ ಕೆಮ್ಮಿ ಸರಿಮಾಡಿಕೊಂಡರು. ಒಂದು ವರ್ಷ ನಮ್ಮ ಗೇಟಿನ ಮುಂದೆ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಹೊರಬಂತು. "ಸೊಪ್ಪೋ, ದಂಟೂ, ಮೆಂತ್ಯಾ, ಸಬ್ಬಸ್ಗೇ, ಸೊಪ್ಪೋ..." ಕೆಳಗಿನ ಮನೆಯ ಕಿಟಕಿ ತೆಗೆದು ಓನರ್ ಆಂಟಿ ಗಾಬರಿಯಿಂದ ಇಣುಕಿದರು, ನಾನು ಏನಿಲ್ಲ ಅಂತ ಕೈಯಾಡಿಸಿದೆ.

ಕೂಗು ನಿಂತ ಮೇಲೆ ಮೇಲಿನ ಕಿಟಕಿಯಿಂದ ಮಗಳ ದನಿ ಕೇಳಿತು. ಏನು ಹೇಳುತ್ತಿದ್ದಾಳೆ ಅಂತ ಒಂದು ಮಾತೂ ಅರ್ಥವಾಗಲಿಲ್ಲ, ಬರೀ ದನಿ. ಅದು ನಿಲ್ಲುತ್ತಿರಲಿಲ್ಲ. ಸ್ವಲ್ಪ ತಡೆಯುತ್ತಿತ್ತು, ಮತ್ತೆ ಹೊರಡುತ್ತಿತ್ತು. ಮೇಲೆ ಹೋದರೆ ನನ್ನ ಕಾಲಿನ ಸದ್ದಿಗೆ ಎಲ್ಲಿ ಕೆಡುತ್ತದೋ ಅಂತ ಬರಿಗಾಲಲ್ಲಿ ಬಿಸಿಲಿನಲ್ಲೇ ನಿಂತೆ. ಅಜ್ಜಿಯೂ ಬುಟ್ಟಿ ಇಳಿಸಿ ಪಕ್ಕದಲ್ಲಿ ನಿಂತರು. ಇಡೀ ವರ್ಷ ಕಾದ ಮಾತನ್ನು ನಾನು ಕೇಳಲೇ ಇಲ್ಲ, ಗೇಟಿನ ಹತ್ತಿರ ಸದ್ದಿಗೆ ಏರ್ಪಾಡು ಮಾಡುತ್ತಾ ನಿಂತುಬಿಟ್ಟೆ. ಅವತ್ತಿನಷ್ಟು ಸುಖ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

ದನಿ ನಿಂತಿತು. ಸ್ವಲ್ಪ ಹೊತ್ತಿಗೆ ನಮ್ಮ ಮನೆಯವರು ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಹಳದಿ ಬಟ್ಟೆ ಇತ್ತು.

"ಮುಗೀತಂತೆ. ಸದ್ದು ಸಾಕಂತೆ, ಈಗ ಹಾಕ್ಬೇಕಂತೆ," ಅಂದರು.

ಅವರಿಗೆ ಹೇಳಬೇಕೆಂದು ವರ್ಷದಿಂದ ಕೂಡಿಟ್ಟ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅವರ ಕಣ್ಣು ನೋಡಿದ ಮೇಲೆ, ಏನು ಹೇಳಿದಳು ಅಂತಷ್ಟೇ ಕೇಳಿದೆ. ಹಾಲಿನ ಗಾಡಿಯಿಂದ ಹಿಡಿದು ಓನರ್ ಅಂಕಲ್ ಸ್ಕೂಟರಿಗೆ ಒದೆಯುವ ತನಕ ಎಲ್ಲ ಹೇಳಿದಳಂತೆ. ಅಪ್ಪ ಗೇಟು ತೆಗೆಯುವ ಸದ್ದು ಬೇರೆ, ಅಮ್ಮ ತೆಗೆಯುವ ಸದ್ದು ಬೇರೆ ಅಂದಳಂತೆ. ಅಷ್ಟು ಹೇಳಿ ಅವರು ಕೊಂಬೆ ಬಗ್ಗಿಸಿ ಹಿಡಿದರು.

"ಕೊನೇಲಿ ಏನಂದ್ಲು ಗೊತ್ತಾ? ಹತ್ತು ಗಂಟೆಯಿಂದ ನಮ್ಮ ಬೀದಿ ಸುಮ್ನಿರುತ್ತೆ, ನಾನು ಓದ್ತಾ ಇದೀನಿ ಅಂತ ಎಲ್ಲರಿಗೂ ಗೊತ್ತು ಅಂದ್ಲು."

ಬಟ್ಟೆಯನ್ನು ಎರಡು ಸುತ್ತು ಸುತ್ತಿ, ಎಳೆದು ನೋಡಿ ಗಂಟು ಹಾಕಿದರು. ಬಿಸಿಲಿಗೂ ಮಳೆಗೂ ಅದು ಬೆಳ್ಳಗೆ ಪೇಲವವಾಗಿತ್ತು. ಅಜ್ಜಿ ಬುಟ್ಟಿ ಎತ್ತಿಕೊಳ್ಳುವಾಗ ನಮ್ಮ ಮನೆಯವರೇ ಕೈ ಜೋಡಿಸಿದರು. ಆಮೇಲೆ ನನ್ನ ಕಡೆ ಬಗ್ಗಿ, ನಾನು ಕಿವಿಗೊಟ್ಟು ಕೇಳಬೇಕಾಗುವಷ್ಟು ಮೆತ್ತಗೆ ಅಂದರು, "ಬಣ್ಣ ಎಲ್ಲ ಹೋಗಿದೆ ಕಣೇ. ಜೂನ್‌ಗೆ ಹೊಸದೊಂದು ತುಂಡು ತೆಗೆದಿಡು."